ನೆರಳು ನೇರ ನಡೆಯುವ ದಿನ

ಶಾಲೆಯ ಆಫೀಸು ಕೋಣೆಯ ಕ್ಯಾಲೆಂಡರಿನಲ್ಲಿ ಮಾರ್ಚ್ 20ಕ್ಕಾಗಲಿ ಸೆಪ್ಟೆಂಬರ್ 23ಕ್ಕಾಗಲಿ ಕೆಂಪು ಅಂಕಿ ಇರುವುದಿಲ್ಲ. ಆ ದಿನಗಳಿಗೆ ಜಯಂತಿಯಿಲ್ಲ, ಪ್ರತಿಜ್ಞಾವಿಧಿಯಿಲ್ಲ, ಸುತ್ತೋಲೆಯೂ ಬರುವುದಿಲ್ಲ. ಮಾರ್ಚಿನ ದಿನ ಬರುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಡಿಬಿಡಿ, ಉಳಿದ ತರಗತಿಗಳಿಗೆ ವಾರ್ಷಿಕ ಪರೀಕ್ಷೆಯ ತಯಾರಿ. ಸೆಪ್ಟೆಂಬರಿನ ದಿನ ಬರುವಾಗ ಹೊರಗೆ ಉತ್ತರೆ ಮಳೆ, ಒಳಗೆ ಅರ್ಧವಾರ್ಷಿಕ ಪರೀಕ್ಷೆ, ಮಕ್ಕಳ ಮನಸ್ಸೆಲ್ಲ ದಸರಾ ರಜೆಯ ಮೇಲೆ. ಹೀಗಾಗಿ ಹಗಲು ರಾತ್ರಿ ಸಮವಾಗುವ ವಿಷುವದ ಪಾಠ ಬೇರೆ ಯಾವುದೋ ತಿಂಗಳಲ್ಲಿ, ನಾಲ್ಕು ಗೋಡೆಗಳ ನಡುವೆ, ಗ್ಲೋಬು ತಿರುಗಿಸುತ್ತ ಮುಗಿದುಹೋಗುತ್ತದೆ. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ. ವಿಜ್ಞಾನದ ಪುಸ್ತಕದಲ್ಲಿರುವ ಎಷ್ಟೋ ಸಂಗತಿಗಳನ್ನು ನಾವು ಮಕ್ಕಳಿಗೆ ತೋರಿಸಲಾರೆವು. ಪರಮಾಣುವನ್ನು ತೋರಿಸಲಾಗದು, ಗುರುತ್ವವನ್ನು ಹಿಡಿದು ಕೊಡಲಾಗದು. ಆದರೆ ಭೂಮಿ ಓರೆಯಾಗಿ ನಿಂತು ಸೂರ್ಯನನ್ನು ಸುತ್ತುತ್ತಿದೆ ಎಂಬ ಅಷ್ಟು ದೊಡ್ಡ ಸಂಗತಿಯನ್ನು ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ತೋರಿಸಬಹುದು.

ನಾನು ಚಿಕ್ಕಬಳ್ಳಾಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಅಂಗಳಕ್ಕೆ ಮರಗಳ ಅಡ್ಡಿಯಿಲ್ಲದ ಒಂದು ಮೂಲೆಯಿದೆ. ಅಲ್ಲಿ ನೆಲದ ಮೇಲೆ ಸರಿಯಾಗಿ ಒಂದು ಮೀಟರ್ ಏಳುವಂತೆ ಕೋಲು ನಿಲ್ಲಿಸುತ್ತೇವೆ. ಅದು ನೆಟ್ಟಗಿದೆಯೇ ಎಂದು ನೋಡುವುದಕ್ಕೆ ಗಾರೆ ಕೆಲಸದ ಮನೆಯ ಹುಡುಗನೊಬ್ಬ ತೂಗುಗುಂಡು ತರುತ್ತಾನೆ. ಬೇಕಾದದ್ದು ಇಷ್ಟೇ, ಜೊತೆಗೆ ಗುರುತು ಹಾಕುವುದಕ್ಕೆ ಒಂದಿಷ್ಟು ಸಣ್ಣ ಕಲ್ಲು. ನಮ್ಮ ಹಳೆಯ ಜ್ಯೋತಿರ್ಗಣಿತದವರೂ ಇದನ್ನೇ ಮಾಡುತ್ತಿದ್ದರು. ಅವರು ಕೋಲಿಗೆ ಶಂಕು ಎನ್ನುತ್ತಿದ್ದರು; ಅದರ ಎತ್ತರ ಹನ್ನೆರಡು ಅಂಗುಲ. ವಿಷುವದ ದಿನ ನಡುಹಗಲಿಗೆ ಆ ಶಂಕುವಿನ ನೆರಳು ಎಷ್ಟು ಅಂಗುಲ ಇದೆಯೆಂದು ಅಳೆದರೆ ಅದು ಆ ಊರಿನ ಪಲಭಾ. ಪಂಚಾಂಗ ಗುಣಿಸುವವರಿಗೆ ಊರಿನ ಸೂರ್ಯೋದಯ ಲೆಕ್ಕ ಹಾಕುವುದಕ್ಕೆ ಅದೊಂದು ಅಂಕಿ ಸಾಕಾಗುತ್ತಿತ್ತು. ನಮ್ಮ ಊರಿಗೆ ಅದು ಮೂರು ಅಂಗುಲಕ್ಕೆ ತುಸು ಕಡಿಮೆ. ಅಕ್ಷಾಂಶ ಎಂದು ಇಂದು ನಾವು ನಕ್ಷೆಯಲ್ಲಿ ಓದುವುದನ್ನು ಅವರು ನೆರಳಿನಲ್ಲಿ ಓದಿದರು.

ಕೋಲು ನೆಡುವ ಮೊದಲು ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಚಳಿ, ಇದು ಯಾಕೆ? ವರ್ಷ ಯಾವುದಾದರೂ ಉತ್ತರ ಒಂದೇ: ‘ಬೇಸ್ಗೇಲಿ ಸೂರ್ಯ ಹತ್ರ ಬರ್ತಾನೆ ಮಿಸ್.’ ಈ ಉತ್ತರ ನಮ್ಮ ಹಳ್ಳಿಯ ಮಕ್ಕಳದ್ದು ಮಾತ್ರವಲ್ಲ. 1987ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ ಅಲ್ಲಿದ್ದ 23 ಜನರ ಮುಂದೆ ಕ್ಯಾಮೆರಾ ಹಿಡಿದು, ಋತುಗಳು ಬದಲಾಗುವುದೇಕೆ, ಚಂದ್ರನ ಆಕಾರ ಬದಲಾಗುವುದೇಕೆ ಎಂಬ ಎರಡರಲ್ಲಿ ಒಂದು ಪ್ರಶ್ನೆ ಕೇಳಿದ್ದರು. 21 ಜನರಿಗೆ ಸರಿಯಾದ ಉತ್ತರ ಬರಲಿಲ್ಲ. ಋತುಗಳ ಬಗ್ಗೆ ಕೇಳಿದಾಗ ಪದವಿ ಪಡೆದವರೂ ದೂರ-ಹತ್ತಿರದ ಮಾತನ್ನೇ ಆಡಿದರು. ಒಲೆಯ ಹತ್ತಿರ ಹೋದರೆ ಕಾವು ಹೆಚ್ಚು ಎಂಬುದು ಎಲ್ಲ ದೇಶದ ಮಕ್ಕಳೂ ಮೈಯಲ್ಲೇ ಕಲಿತ ಪಾಠ. ಆ ಪಾಠವನ್ನು ಬರಿಯ ಮಾತಿನಿಂದ ಅಳಿಸಲಾಗುವುದಿಲ್ಲ. ಭೂಮಿ ಸೂರ್ಯನಿಗೆ ತೀರ ಹತ್ತಿರ ಬರುವುದು ಜನವರಿಯ ಮೊದಲ ವಾರ, ಆಗಿನ ದೂರ 14.7 ಕೋಟಿ ಕಿಲೋಮೀಟರ್. ತೀರ ದೂರ ಹೋಗುವುದು ಜುಲೈ ಮೊದಲ ವಾರ, ಆಗ 15.2 ಕೋಟಿ. ಈ ಅಂಕಿಗಳನ್ನು ಹಲಗೆಯ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಆಮೇಲೆ ಮತ್ತೆ ‘ಹತ್ರ ಬರ್ತಾನೆ’ ಎನ್ನುತ್ತಾರೆ. ಅಂಕಿಯ ಮೇಲೆ ನಂಬಿಕೆ ಹುಟ್ಟಬೇಕಾದರೆ ಕಣ್ಣು ಏನನ್ನಾದರೂ ಕಂಡಿರಬೇಕು.

ಅದಕ್ಕಾಗಿ ಕತ್ತಲ ಕೋಣೆಯಲ್ಲಿ ಗಣಿತದ ಚೌಕುಳಿ ಹಾಳೆಯ ಮೇಲೆ ಟಾರ್ಚು ಹಿಡಿಸುತ್ತೇನೆ. ನೇರ ಹಿಡಿದರೆ ಬೆಳಕು ಕೆಲವೇ ಚೌಕಗಳ ಮೇಲೆ ಬೀಳುತ್ತದೆ, ಓರೆ ಹಿಡಿದರೆ ಅದೇ ಬೆಳಕು ಹೆಚ್ಚು ಚೌಕಗಳಿಗೆ ಹಂಚಿಹೋಗುತ್ತದೆ. ಭೂಮಿಯ ಅಕ್ಷ 23.4 ಡಿಗ್ರಿ ಓರೆಯಾಗಿರುವುದರಿಂದ ಸೂರ್ಯನ ಬೆಳಕು ವರ್ಷವಿಡೀ ಒಂದೇ ರೀತಿ ಬೀಳುವುದಿಲ್ಲ. ಡಿಸೆಂಬರ್ 21ರ ನಡುಹಗಲಿಗೆ ನಮ್ಮ ಅಂಗಳದ ಕೋಲಿನ ನೆರಳು 75 ಸೆಂಟಿಮೀಟರ್. ಕೋಲು 100, ನೆರಳು 75, ಕೋಲಿನ ತುದಿಯಿಂದ ನೆರಳಿನ ತುದಿಗೆ ದಾರ ಹಿಡಿದರೆ 125. ಮೂರು, ನಾಲ್ಕು, ಐದರ ಲಂಬಕೋನ ತ್ರಿಭುಜ! ಪೈಥಾಗೊರಸನ ಪ್ರಮೇಯವನ್ನು ಸೂರ್ಯನೇ ನಮ್ಮ ಅಂಗಳದಲ್ಲಿ ಬರೆದುಕೊಡುವ ದಿನ ಅದು. ಗಣಿತದ ಮೇಷ್ಟ್ರನ್ನೂ ಕರೆದು ತೋರಿಸುತ್ತೇನೆ. ಅದೇ ತ್ರಿಭುಜ ಇನ್ನೊಂದು ಮಾತನ್ನೂ ಹೇಳುತ್ತದೆ. ಅಂದು ನಮ್ಮ ನೆಲದ ಪ್ರತಿ ಚದರಡಿಗೆ ಸಿಗುವ ನಡುಹಗಲ ಬಿಸಿಲು, ಸೂರ್ಯ ನೆತ್ತಿಯ ಮೇಲಿದ್ದಾಗ ಸಿಗುವುದರ ಐದರಲ್ಲಿ ನಾಲ್ಕು ಪಾಲು. ಲಂಡನ್ನಿನಲ್ಲಿ ಅದೇ ದಿನ ಅದೇ ಲೆಕ್ಕ ಹಾಕಿದರೆ ಬರುವುದು ನಾಲ್ಕರಲ್ಲಿ ಒಂದು ಪಾಲು. ಅಲ್ಲಿಯ ಚಳಿಗೂ ನಮ್ಮ ಚಳಿಗೂ ಇರುವ ವ್ಯತ್ಯಾಸ ಇಷ್ಟರಲ್ಲೇ ಮಕ್ಕಳಿಗೆ ಗೊತ್ತಾಗುತ್ತದೆ.

ಇನ್ನು ವಿಷುವದ ದಿನ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಗಂಟೆಗೊಮ್ಮೆ ಇಬ್ಬಿಬ್ಬರು ಮಕ್ಕಳು ಹೋಗಿ ನೆರಳಿನ ತುದಿಗೆ ಒಂದು ಕಲ್ಲು ಇಟ್ಟು ಬರುತ್ತಾರೆ. ಸಂಜೆ ಎಲ್ಲರೂ ಸೇರಿ ನೋಡಿದಾಗ ಕಲ್ಲುಗಳು ಪಡುವಣದಿಂದ ಮೂಡಣಕ್ಕೆ ಒಂದೇ ನೇರ ಸಾಲಿನಲ್ಲಿ ನಿಂತಿರುತ್ತವೆ. ವರ್ಷದ ಉಳಿದ ದಿನಗಳಲ್ಲಿ ಈ ಸಾಲು ಬಾಗುತ್ತದೆ. ಡಿಸೆಂಬರಿನಲ್ಲಿ ಅದರ ಎರಡೂ ತುದಿ ಉತ್ತರಕ್ಕೆ ಬಾಗಿದರೆ ಜೂನಿನಲ್ಲಿ ದಕ್ಷಿಣಕ್ಕೆ ಬಾಗುತ್ತದೆ. ನೆರಳು ನೇರ ನಡೆಯುವುದು ಮಾರ್ಚಿನಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ. ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎಂದು ಒಂದನೇ ತರಗತಿಯಿಂದ ಹೇಳಿಕೊಡುತ್ತೇವಲ್ಲ, ಅದು ಕರಾರುವಾಕ್ಕಾಗಿ ನಿಜವಾಗುವುದೂ ಆ ಎರಡು ದಿನಗಳಲ್ಲೇ. ನಮ್ಮಲ್ಲಿ ಜೂನಿನ ಸೂರ್ಯ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೂ ಡಿಸೆಂಬರಿನ ಸೂರ್ಯ 24 ಡಿಗ್ರಿ ದಕ್ಷಿಣಕ್ಕೂ ಸರಿದು ಹುಟ್ಟುತ್ತಾನೆ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಎರಡೂವರೆ ಮುಷ್ಟಿ ಆಚೆ, ಎರಡೂವರೆ ಮುಷ್ಟಿ ಈಚೆ. ಮಕ್ಕಳು ತಮ್ಮ ಮನೆಯ ಮಹಡಿಯಿಂದಲೋ ಹೊಲದ ಬದುವಿನಿಂದಲೋ ನೋಡಿ, ಸೂರ್ಯ ಈಗ ಯಾವ ಮರದ ಪಕ್ಕ ಹುಟ್ಟುತ್ತಿದ್ದಾನೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ.

ನಡುಹಗಲು ಎಂದರೆ ಹನ್ನೆರಡು ಗಂಟೆ ಎಂಬ ತಿಳಿವಳಿಕೆಯನ್ನೂ ಈ ಕೋಲು ತಿದ್ದುತ್ತದೆ. ನೆರಳು ಅತಿ ಗಿಡ್ಡವಾಗುವುದು ಮಾರ್ಚಿನ ವಿಷುವದಂದು ನಮ್ಮಲ್ಲಿ ಸುಮಾರು 12 ಗಂಟೆ 26 ನಿಮಿಷಕ್ಕೆ, ಸೆಪ್ಟೆಂಬರಿನಲ್ಲಿ 12 ಗಂಟೆ 12 ನಿಮಿಷಕ್ಕೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಐದು ಡಿಗ್ರಿಯಷ್ಟು ಪಶ್ಚಿಮಕ್ಕಿರುವುದರಿಂದ ಸೂರ್ಯ ನಮ್ಮಲ್ಲಿಗೆ ಸುಮಾರು ಇಪ್ಪತ್ತು ನಿಮಿಷ ತಡವಾಗಿ ಬರುತ್ತಾನೆ. ಭೂಮಿಯ ದಾರಿ ತುಸು ಉದ್ದುರುಟಾಗಿರುವುದು, ಅಕ್ಷ ಓರೆಯಾಗಿರುವುದು, ಈ ಎರಡೂ ಕೂಡಿ ಮಾರ್ಚಿನಲ್ಲಿ ಅದಕ್ಕೆ ಏಳು ನಿಮಿಷ ಸೇರಿಸುತ್ತವೆ, ಸೆಪ್ಟೆಂಬರಿನಲ್ಲಿ ಏಳು ನಿಮಿಷ ಕಳೆಯುತ್ತವೆ. ಜಾಣ ಹುಡುಗಿಯೊಬ್ಬಳು ಪತ್ರಿಕೆಯ ಸೂರ್ಯೋದಯ, ಸೂರ್ಯಾಸ್ತ ನೋಡಿ ಕೇಳಿದಳು: ‘ಮಿಸ್, ಹಗಲು ರಾತ್ರಿ ಸಮ ಅಂತೀರಾ, ಹಗಲೇ ಆರೇಳು ನಿಮಿಷ ಜಾಸ್ತಿ ಇದೆಯಲ್ಲಾ?’ ಆಕೆ ಹೇಳಿದ್ದು ಸರಿ. ಸೂರ್ಯಬಿಂಬದ ಮೇಲಂಚು ಕಂಡೊಡನೆ ಉದಯ ಎನ್ನುತ್ತೇವೆ, ಮೇಲಂಚು ಮರೆಯಾದಾಗ ಅಸ್ತ ಎನ್ನುತ್ತೇವೆ. ಅದರ ಮೇಲೆ ಗಾಳಿಯ ಪದರ ಬೆಳಕನ್ನು ಬಗ್ಗಿಸಿ, ಇನ್ನೂ ದಿಗಂತದ ಕೆಳಗಿರುವ ಸೂರ್ಯನನ್ನು ಮೇಲೆತ್ತಿ ತೋರಿಸುತ್ತದೆ. ಹೀಗಾಗಿ ಗಡಿಯಾರದಲ್ಲಿ ಹಗಲು ರಾತ್ರಿ ನಿಜಕ್ಕೂ ಸಮವಾಗುವುದು ಮಾರ್ಚಿನ ವಿಷುವಕ್ಕೆ ಒಂದು ವಾರಕ್ಕೂ ಮೊದಲು, ಸೆಪ್ಟೆಂಬರಿನಲ್ಲಿ ಅಷ್ಟೇ ದಿನ ಆದಮೇಲೆ. ಆ ಹುಡುಗಿಯ ಪ್ರಶ್ನೆ ಬಂದ ದಿನ ಪಠ್ಯ ಎಷ್ಟು ಮುಂದೆ ಸಾಗಿತು ಎಂಬುದು ನನಗೆ ಮುಖ್ಯವಾಗಲಿಲ್ಲ.

ನಮ್ಮ ಕಡೆ ಹಗಲಿನ ಏರಿಳಿತ ದೊಡ್ಡದೇನಲ್ಲ. ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಇಷ್ಟು ಸಣ್ಣ ವ್ಯತ್ಯಾಸ ಯಾರ ಗಮನಕ್ಕೆ ಬರುತ್ತದೆ ಎಂದರೆ ಸೇವಂತಿಗೆ ಗಿಡದ ಗಮನಕ್ಕೆ ಬರುತ್ತದೆ. ರಾತ್ರಿ ನಮ್ಮ ಊರುಗಳ ಮೇಲೆ ಹಾದುಹೋಗುವವರು ಹೊಲದ ತುಂಬ ಸಾಲುಸಾಲಾಗಿ ಬಲ್ಬು ಉರಿಯುವುದನ್ನು ನೋಡಿರುತ್ತಾರೆ. ಅವು ಸೇವಂತಿಗೆ ಹೊಲಗಳು. ರಾತ್ರಿ ಉದ್ದವಾದರೆ ಸೇವಂತಿಗೆ ಬೆಳೆಯುವುದನ್ನು ನಿಲ್ಲಿಸಿ ಮೊಗ್ಗು ಬಿಡಲು ಶುರುಮಾಡುತ್ತದೆ. ಗಿಡ ಎತ್ತರ ಬೆಳೆದು ಕವಲೊಡೆಯಲಿ ಎಂದು ರೈತರು ಮೊದಲ ಕೆಲವು ವಾರ ರಾತ್ರಿ ದೀಪ ಹಾಕಿ, ಹಗಲು ಇನ್ನೂ ಮುಗಿದಿಲ್ಲವೆಂದು ಗಿಡವನ್ನು ನಂಬಿಸುತ್ತಾರೆ. ಬೇಕಾದಾಗ ದೀಪ ಆರಿಸುತ್ತಾರೆ. ಹಬ್ಬದ ಹೊತ್ತಿಗೆ ಹೂವು ಮಾರುಕಟ್ಟೆಗೆ ಬರುತ್ತದೆ. ‘ಲೈಟ್ ಹಾಕಿಲ್ಲ ಅಂದ್ರೆ ಗೇಣುದ್ದ ಇರುವಾಗ್ಲೇ ಮೊಗ್ಗು ಬಂದ್ಬಿಡುತ್ತೆ ಮಿಸ್’ ಎಂದು ಹೂವಿನ ಬೆಳೆಗಾರರ ಮಗ ತರಗತಿಗೆ ವಿವರಿಸಿದ. ಪರೀಕ್ಷೆಯಲ್ಲಿ ಅವನು ಹಿಂದಿನ ಬೆಂಚಿನವನು. ಹಗಲು ರಾತ್ರಿಯ ಅಳತೆ ಜೀವಲೋಕಕ್ಕೆ ಏನು ಮಾಡುತ್ತದೆ ಎಂಬ ವಿಷಯದಲ್ಲಿ ಅಂದು ಅವನೇ ಮೇಷ್ಟ್ರಾದ. ಸೆಪ್ಟೆಂಬರ್ ಬಂತೆಂದರೆ ಹಿಮಾಲಯದ ಕಡೆಯಿಂದ ನಮ್ಮ ಕೆರೆಕಟ್ಟೆಗಳಿಗೆ ಬಾಲ ಕುಣಿಸುತ್ತ ಬರುವ ಬೂದು ಸಿಪಿಲೆ ಹಕ್ಕಿಗೂ ಹೊರಡುವ ಸೂಚನೆ ಕೊಡುವುದು ಮುಖ್ಯವಾಗಿ ಹಗಲಿನ ಉದ್ದವೇ.

ಋತುಗಳ ಪಾಠಕ್ಕೆ ಬಂದರೆ ನನಗಿರುವ ಕಷ್ಟ ಗೋಡೆಯ ಮೇಲಿನ ಚಿತ್ರಪಟ. ಅದರಲ್ಲಿ ನಾಲ್ಕು ಮರಗಳಿವೆ. ಒಂದಕ್ಕೆ ಹೂವು, ಒಂದಕ್ಕೆ ಹಸಿರೆಲೆ, ಒಂದಕ್ಕೆ ಕೆಂಪೆಲೆ, ಒಂದರ ಮೇಲೆ ಹಿಮ. ನಮ್ಮ ಮಕ್ಕಳು ಸೆಪ್ಟೆಂಬರಿನಲ್ಲಿ ಕಾಣುವುದು ರಾಗಿ ಹೊಲದ ಸಾಲುಗಳ ನಡುವೆ ಹಳದಿ ಹೂ ಬಿಡುವ ಹುಚ್ಚೆಳ್ಳನ್ನು. ಮಾರ್ಚಿನಲ್ಲಿ ಕಾಣುವುದು ಹೊಂಗೆಯ ಎಳೆ ಚಿಗುರು, ಬೆಟ್ಟದ ಬುಡದ ಮುತ್ತುಗದ ಕೆಂಪು, ಮಾವಿನ ಮಿಡಿ. ಅವರಿಗೆ ಗೊತ್ತಿರುವುದು ಬೇಸಿಗೆ, ಮಳೆಗಾಲ, ಚಳಿಗಾಲ. ಪಂಚಾಂಗ ವಸಂತದಿಂದ ಶಿಶಿರದವರೆಗೆ ಆರು ಋತು ಹೇಳುತ್ತದೆ. ಹವಾಮಾನ ಇಲಾಖೆ ವರ್ಷವನ್ನು ಚಳಿಗಾಲ, ಮುಂಗಾರು ಪೂರ್ವ, ನೈಋತ್ಯ ಮುಂಗಾರು, ಹಿಂಗಾರು ಎಂದು ನಾಲ್ಕು ಪಾಲು ಮಾಡುತ್ತದೆ. ರೈತರದ್ದು ಎಲ್ಲಕ್ಕಿಂತ ಸೂಕ್ಷ್ಮವಾದ ಲೆಕ್ಕ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಮಳೆ. ‘ಈಗ ಯಾವ ಮಳೆ ನಡೀತಿದೆ ಅಂತ ನಿಮ್ಮ ತಾತನ್ನ ಕೇಳಿಕೊಂಡು ಬನ್ನಿ’ ಎಂಬುದು ಸೆಪ್ಟೆಂಬರಿನಲ್ಲಿ ನಾನು ಕೊಡುವ ಮನೆಕೆಲಸ. ಮರುದಿನ ಮಕ್ಕಳು ಉತ್ತರೆಯೊಂದಿಗೆ ಇನ್ನೂ ಹತ್ತು ಸಂಗತಿ ಹೊತ್ತು ತರುತ್ತಾರೆ. ಈ ಮಳೆಗೆ ಏನು ಬಿತ್ತಬಹುದು, ಏನು ಬಿತ್ತಬಾರದು, ಹಸ್ತ ಹಿಡಿದರೆ ರಾಗಿಗೆ ಏನಾಗುತ್ತದೆ. ಅಷ್ಟು ಮಾತು ತಾತ ಮೊಮ್ಮಕ್ಕಳ ನಡುವೆ ಆ ಸಂಜೆ ನಡೆದಿರುತ್ತದೆ.

ಈ ಎಲ್ಲ ಲೆಕ್ಕಗಳ ಬೇರು ಒಂದೇ, ಭೂಮಿಯ ಓರೆ. ಅದನ್ನು ತೋರಿಸಲು ನಮ್ಮ ನೆಲಕ್ಕೇ ವಿಶೇಷವಾದ ಒಂದು ಉದಾಹರಣೆಯಿದೆ. ಕರ್ನಾಟಕ ಪೂರ್ತಿ ಕರ್ಕಾಟಕ ವೃತ್ತದ ದಕ್ಷಿಣಕ್ಕಿದೆ. ಹೀಗಾಗಿ ಸೂರ್ಯ ನಮ್ಮ ನೆತ್ತಿಯ ಮೇಲೆ ವರ್ಷಕ್ಕೆ ಎರಡು ಸಲ ಬರುತ್ತಾನೆ. ನಮ್ಮೂರಿನಲ್ಲಿ ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಎರಡು ದಿನವೂ ನಡುಹಗಲಿಗೆ ಕೋಲಿಗೆ ನೆರಳೇ ಇರುವುದಿಲ್ಲ. ಲಂಡನ್ನಿನ ಮಗು ಇದನ್ನು ತನ್ನ ಊರಿನಲ್ಲಿ ಎಂದೂ ನೋಡಲಾರದು. ಸೂರ್ಯ ಎರಡು ಸಲವೂ ಅಷ್ಟೇ ನೇರ, ಆದರೂ ಬೆಂಗಳೂರಿನ ಸುತ್ತಮುತ್ತ ಏಪ್ರಿಲಿನ ಹಗಲ ತಾಪ ಸರಾಸರಿ 34 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಗಸ್ಟಿನದು 28ರ ಆಸುಪಾಸು. ಯಾಕೆ ಎಂದು ಕೇಳಿದರೆ ಮಕ್ಕಳು ತಕ್ಷಣ ಆಕಾಶ ತೋರಿಸುತ್ತಾರೆ: ‘ಮೋಡ!’ ಆ ಮೋಡವನ್ನು ಯಾರು ತಂದರು ಎಂದು ಮುಂದೆ ಕೇಳಬೇಕು. ಮಾರ್ಚಿನ ವಿಷುವ ದಾಟಿ ಸೂರ್ಯ ಉತ್ತರಕ್ಕೆ ಸರಿದಂತೆ ನೆಲ ಕಾಯುತ್ತದೆ, ಮಳೆಯ ಪಟ್ಟಿ ಸೂರ್ಯನ ಹಿಂದೆಯೇ ಉತ್ತರಕ್ಕೆ ಏರುತ್ತದೆ, ಅರಬ್ಬೀ ಸಮುದ್ರದ ಕಡೆಯಿಂದ ತೇವದ ಗಾಳಿ ಒಳನಾಡಿಗೆ ನುಗ್ಗುತ್ತದೆ. ಸೆಪ್ಟೆಂಬರಿನ ವಿಷುವದ ಹೊತ್ತಿಗೆ ರಾಜಸ್ಥಾನದ ಕಡೆಯಿಂದ ಮುಂಗಾರು ಹಿಂದೆ ಸರಿಯಲು ತೊಡಗಿರುತ್ತದೆ. ಹಾಗಾಗಿ ನಮಗೆ ಮಾರ್ಚಿನ ವಿಷುವ ಮುಂಗಾರಿನ ಮೊದಲ ಮಾತು, ಸೆಪ್ಟೆಂಬರಿನದು ಅದನ್ನು ಬೀಳ್ಕೊಡುವ ಮಾತು. ಚಿತ್ರಪಟದ ನಾಲ್ಕು ಮರಗಳಲ್ಲಿ ಈ ಕತೆಗೆ ಜಾಗವಿಲ್ಲ.

ಬೀದರ್ ಜಿಲ್ಲೆಯಲ್ಲಿ ನನ್ನ ಗೆಳತಿಯೊಬ್ಬಳು ಶಿಕ್ಷಕಿ. ನಕ್ಷೆ ತೆಗೆದು ನೋಡಿದರೆ ಬೀದರ್ ನಮ್ಮ ಊರಿಗೆ ನೆಟ್ಟಗೆ ಉತ್ತರಕ್ಕಿದೆ, ಎರಡರ ರೇಖಾಂಶವೂ 77.5 ಡಿಗ್ರಿಯ ಹತ್ತಿರ. ವಿಷುವದ ನಡುಹಗಲಿಗೆ ಎರಡೂ ಶಾಲೆಯ ಮಕ್ಕಳು ಒಂದೇ ಅಳತೆಯ ಕೋಲಿನ ನೆರಳು ಅಳೆದು ಫೋನಿನಲ್ಲಿ ಹಂಚಿಕೊಂಡರು. ನಮ್ಮದು 24 ಸೆಂಟಿಮೀಟರ್, ಅವರದು 32 ದಾಟಿತ್ತು. ಕಾಗದದ ಮೇಲೆ ತ್ರಿಭುಜ ಬರೆದು ಕೋನಮಾಪಕ ಇಟ್ಟರೆ ನಮ್ಮದು 13.5 ಡಿಗ್ರಿ, ಅವರದು 18. ವ್ಯತ್ಯಾಸ ನಾಲ್ಕೂವರೆ ಡಿಗ್ರಿ. ನಾಲ್ಕೂವರೆಯನ್ನು ಎಂಬತ್ತರಿಂದ ಗುಣಿಸಿದರೆ 360, ಅಂದರೆ ಪೂರ್ತಿ ವೃತ್ತ. ಎರಡು ಊರುಗಳ ನಡುವಿನ ನೇರ ದೂರ ಸುಮಾರು 500 ಕಿಲೋಮೀಟರ್. ಎಂಬತ್ತು ಐನೂರಲಿ ನಲವತ್ತು ಸಾವಿರ. ಭೂಮಿಯ ಸುತ್ತಳತೆ 40,000 ಕಿಲೋಮೀಟರ್! ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಎರಟೋಸ್ತನೀಸ್ ಎಂಬ ವಿದ್ವಾಂಸ ನೆರಳು ಹಿಡಿದು ಮಾಡಿದ ಲೆಕ್ಕವೇ ಇದು. ಬೀದರಿನ ಮಕ್ಕಳು ‘ನಮ್ ನೆರಳು ದೊಡ್ದದ ನೋಡ್ರಿ’ ಎಂದು ಫೋನಿನಲ್ಲಿ ಕೂಗಿ ಹೇಳಿದಾಗ ನಮ್ಮ ಮಕ್ಕಳಿಗೆ ಭೂಮಿ ಗುಂಡಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಡಿಸೆಂಬರಿನ ನೆರಳು ಅಳೆದ ಮೇಲೆ ತಪ್ಪದೆ ಬರುವ ಇನ್ನೊಂದು ಪ್ರಶ್ನೆ ಸಂಕ್ರಾಂತಿಯದು. ನೆರಳು ಡಿಸೆಂಬರ್ 22ರಿಂದಲೇ ಗಿಡ್ಡವಾಗಲು ಶುರು, ಹಾಗಿದ್ದರೆ ಉತ್ತರಾಯಣ ಜನವರಿ 14ಕ್ಕೆ ಎನ್ನುವುದು ಹೇಗೆ? ಇದಕ್ಕೆ ಉತ್ತರಿಸುವಾಗ ಹಬ್ಬದ ಮೇಲಿನ ಪ್ರೀತಿಗೆ ಎಳ್ಳಷ್ಟೂ ಕುಂದು ಬರಬಾರದು. ಭೂಮಿಯ ಅಕ್ಷ ಬಹು ನಿಧಾನವಾಗಿ ತಿರುಗುತ್ತ ಸುಮಾರು 25,800 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. ಅದರಿಂದ ವಿಷುವದ ಬಿಂದು ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತದೆ. ನಮ್ಮ ಸಂಕ್ರಾಂತಿ ನಕ್ಷತ್ರಗಳಿಗೆ ಕಟ್ಟಿದ ಹಬ್ಬ, ಋತುಗಳು ವಿಷುವಕ್ಕೆ ಕಟ್ಟಿದವು. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಇದ್ದವು, ಈಗ ಇಪ್ಪತ್ತನಾಲ್ಕು ದಿನ ದೂರವಾಗಿವೆ. ತುಳುನಾಡಿನ ಬಿಸು ಹಬ್ಬ ಏಪ್ರಿಲ್ ನಡುವಿಗೆ ಬಂದಿರುವುದೂ ಇದೇ ಕಾರಣಕ್ಕೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿಯ ಸಂಜೆ ಗವಿಯೊಳಗೆ ಬಿಸಿಲು ಇಳಿಯುವುದನ್ನು ನೋಡಲು ಜನ ನೆರೆಯುತ್ತಾರೆ. ಸೂರ್ಯ ದಕ್ಷಿಣಕ್ಕೆ ಹೋಗುವಾಗಲೂ ಅದೇ ಜಾಗ ದಾಟಿಯೇ ಹೋಗಬೇಕಲ್ಲ. ಹಾಗಾಗಿ ನವೆಂಬರ್ ಕೊನೆಯ ವಾರದಲ್ಲೂ ಅದೇ ಬೆಳಕು ಅಲ್ಲಿ ಇಳಿಯುತ್ತದೆ. ಕೋಲಿನ ನೆರಳು ಅಳೆದ ಮಕ್ಕಳು ಇದನ್ನು ತಾವೇ ಊಹಿಸಿ ಹೇಳುತ್ತಾರೆ.

ಇಷ್ಟಕ್ಕೂ ವಿಷುವ ನಮ್ಮ ದೇಶದ ಪಾಲಿಗೆ ಹೆಸರಿಲ್ಲದ ದಿನವಲ್ಲ. 1952ರಲ್ಲಿ ಸರ್ಕಾರ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಹೊಸ ವರ್ಷ, ಅಂದರೆ ಚೈತ್ರ 1, ಶುರುವಾಗುವುದು ಮಾರ್ಚಿನ ವಿಷುವದ ಬೆನ್ನಿಗೇ. ರಾಜಪತ್ರದಲ್ಲಿ ಇಂದಿಗೂ ಆ ಶಕವರ್ಷದ ತಾರೀಕು ಅಚ್ಚಾಗುತ್ತದೆ. ಗಣರಾಜ್ಯ ತನ್ನ ವರ್ಷವನ್ನು ಸೂರ್ಯನ ನಡೆಗೆ ಕಟ್ಟಿಕೊಂಡಿರುವುದನ್ನು ಶಾಲೆಯ ಮಕ್ಕಳಿಗೆ ಹೇಳದೆ ಇನ್ನಾರಿಗೆ ಹೇಳುವುದು?

ನಮ್ಮ ಶಾಲೆಯಲ್ಲಿ ಓದಿದ ಒಬ್ಬಳು ಈಗ ಮೆಲ್ಬರ್ನಿನಲ್ಲಿದ್ದಾಳೆ. ಯುಗಾದಿಗೆ ಫೋನ್ ಮಾಡಿದಾಗ ‘ಇಲ್ಲಿ ಬೇವು ಬೆಲ್ಲ ತಿನ್ನೋ ಹೊತ್ತಿಗೆ ಚಳಿ ಶುರುವಾಗಿರುತ್ತೆ ಮಿಸ್, ಮಧ್ಯಾಹ್ನ ಸೂರ್ಯ ಉತ್ತರಕ್ಕಿರ್ತಾನೆ’ ಎಂದಳು. ತನ್ನ ಮಗಳಿಗೂ ಹಿತ್ತಲಲ್ಲಿ ಕೋಲು ನೆಟ್ಟುಕೊಟ್ಟಿದ್ದಾಳಂತೆ; ಅಲ್ಲಿ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇದನ್ನು ಕೇಳಿ ನನಗಾದ ಸಂತೋಷ ಯಾವ ಫಲಿತಾಂಶದಿಂದಲೂ ಆಗಿಲ್ಲ.

ಆದ್ದರಿಂದ ಶಿಕ್ಷಕ ಮಿತ್ರರಲ್ಲೂ ತಂದೆತಾಯಂದಿರಲ್ಲೂ ನನ್ನದೊಂದು ಕೋರಿಕೆ. ಮುಂದಿನ ವಿಷುವಕ್ಕೆ, ಅದು ಮಾರ್ಚ್ 20 ಅಥವಾ 21 ಇರಲಿ, ಸೆಪ್ಟೆಂಬರ್ 22 ಅಥವಾ 23 ಇರಲಿ, ಮಕ್ಕಳ ಕೈಯಲ್ಲಿ ಒಂದು ಕೋಲು ನೆಡಿಸಿ. ಪರೀಕ್ಷೆ ಇದ್ದರೆ ನಡುಹಗಲ ಹತ್ತು ನಿಮಿಷ ಸಾಕು. ಮೋಡ ಮುಸುಕಿದರೆ ಬೇಸರ ಬೇಡ, ಮರುದಿನ ಅಳೆಯಿರಿ. ವಿಷುವದ ಸುತ್ತಮುತ್ತ ಸೂರ್ಯ ಅತಿ ವೇಗವಾಗಿ ಸರಿಯುವ ಕಾಲ. ಮೀಟರ್ ಕೋಲಿನ ನಡುಹಗಲ ನೆರಳು ದಿನಕ್ಕೆ ಏಳು ಮಿಲಿಮೀಟರಿನಂತೆ ಬದಲಾಗುತ್ತದೆ, ಒಂದು ವಾರದಲ್ಲಿ ಐದು ಸೆಂಟಿಮೀಟರ್. ಸಾಧಾರಣ ಅಡಿಪಟ್ಟಿಯಲ್ಲಿ ಅಳೆಯಬಹುದಾದ ವ್ಯತ್ಯಾಸ ಇದು. ಮಕ್ಕಳು ಅದನ್ನು ತಾವೇ ಅಳೆದು, ತಮ್ಮ ಊರಿನ ಹೆಸರು ಹಾಕಿ, ತಮ್ಮ ಕೈಯಲ್ಲೇ ಬರೆದಿಡಲಿ.